ಪಶುವೈದ್ಯರ ಟಪಾಲು: ಈ ಸಲ ಬಂದದ್ದೆಲ್ಲ ಕತ್ತೆಯದೇ

ಎಮ್ಮೆಯ ಕೆಚ್ಚಲಬಾವಿನ ಬಗ್ಗೆ ಉತ್ತರ ಬರೆಯುವಾಗ, ಕತ್ತೆ ಸಾಕಿದವರೂ ಈ ಅಂಕಣಕ್ಕೆ ಪತ್ರ ಹಾಕಬಹುದು ಅಂತ ಕೊನೆಗೊಂದು ಸಾಲು ಸೇರಿಸಿದ್ದೆ. “ಯಾರ್ ಬರೀತಾರ್ರೀ ಸರ?” ಅಂತ ಸಂಪಾದಕರು ನಕ್ಕಿದ್ದರು. ಈಗ ಪತ್ರದ ಕಟ್ಟು ಅವರ ಮೇಜಿನ ಮೇಲೇ ಬಿದ್ದಿದೆ. ಹೆಸರು ಹಾಕಬೇಡಿ ಅಂತ ಬಹಳ ಮಂದಿ ಕೇಳಿಕೊಂಡಿದ್ದರಿಂದ ಊರಷ್ಟೇ ಹಾಕಿದ್ದೇನೆ.

ಬೆಟಗೇರಿಯ ಒಬ್ಬ ಕಾಲೇಜು ವಿದ್ಯಾರ್ಥಿ: ನಮ್ಮಪ್ಪ ಮೂರು ಕತ್ತಿ ಇಟ್ಕೊಂಡು ಮನಿ ಕಟ್ಟೋ ಕಡೆ ಉಸುಕು, ಇಟ್ಟಂಗಿ ಹೊರಸ್ತಾನ. ಟ್ರ್ಯಾಕ್ಟರ್ ಹೋಗದ ಓಣಿಯೊಳಗ ನಮ್ಮ ಕತ್ತಿನ ಬೇಕು. ಒಂದರ ಬೆನ್ನ ಮ್ಯಾಲ ಅಂಗೈ ಅಗಲ ಹುಣ್ಣಾಗೇತಿ. ಸುಟ್ಟ ಆಯಿಲ್ ಹಚ್ಚಿದ್ವಿ, ಅರಿಷಿಣ ಹಚ್ಚಿದ್ವಿ. ಮಾಯ್ತೈತಿ, ಮತ್ತ ಒಡೀತೈತಿ. ಕೆಲಸ ಬಿಡಿಸಿದ್ರ ಮನಿ ನಡಿಯೂದಿಲ್ಲ. ಏನ್ ಮಾಡೂದ್ರಿ?

ತಮ್ಮಾ, ಮಾಯ್ದ ಹುಣ್ಣು ಅದೇ ಜಾಗದಲ್ಲಿ ಮತ್ತೆ ಮತ್ತೆ ಒಡೆಯುತ್ತಿದ್ದರೆ ಮುಲಾಮು ಹುಡುಕುವುದನ್ನು ಬಿಟ್ಟು, ಬೆನ್ನ ಮೇಲೆ ಏನು ಹಾಸುತ್ತೀರಿ ನೋಡಿ. ನಾನು ಕಂಡ ಕತ್ತೆಗಳಲ್ಲಿ ಹೆಚ್ಚಿನವಕ್ಕೆ ಒಂದು ಮಡಚಿದ ಗೋಣಿತಟ್ಟು, ಅದರ ಮೇಲೆ ನೇರವಾಗಿ ಹೇರು. ತಟ್ಟಿನೊಳಗೆ ಉಸುಕಿನ ಹರಳು ಸೇರಿಕೊಂಡಿರುತ್ತದೆ, ನಿನ್ನೆಯ ಬೆವರು ಒಣಗಿ ಬಿರುಸಾಗಿರುತ್ತದೆ, ಮಡಿಕೆಯ ಅಂಚು ಸರಿಯಾಗಿ ಬೆನ್ನೆಲುಬಿನ ಮೇಲೇ ಕೂತಿರುತ್ತದೆ. ಆ ಜಾಗದಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ, ಎಲುಬೇ ಸಿಗುತ್ತದೆ. ಭಾರ ಅಲ್ಲಿ ಬೀಳದೆ ಎರಡೂ ಪಕ್ಕೆಗೆ ಹಂಚಿಹೋಗಬೇಕು.

ಅದಕ್ಕೆ ಪೇಟೆಯಿಂದ ಜೀನು ತರಬೇಕಿಲ್ಲ. ಎರಡು ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಒಳಗೆ ಭತ್ತದ ಹುಲ್ಲು ಒತ್ತಿ ತುಂಬಿ, ತೊಡೆ ದಪ್ಪದ ಎರಡು ದಿಂಬು ಮಾಡಿಕೊಳ್ಳಿ. ಎರಡರ ನಡುವೆ ನಾಲ್ಕು ಬೆರಳು ಸಂದಿ ಬಿಟ್ಟು, ಹಿಂದೊಂದು ಮುಂದೊಂದು ಗಟ್ಟಿ ಪಟ್ಟಿಯಿಂದ ಜೋಡಿಸಿ. ಸಂದಿ ಬೆನ್ನೆಲುಬಿನ ಮೇಲೆ ಬರಬೇಕು. ದಿಂಬಿನ ಕೆಳಗೆ ಮೆತ್ತಗಿನ ಹಳೇ ಕೌದಿ ಹಾಸಿ, ನಡುವಿನ ಬಟ್ಟೆಯನ್ನು ಸಂದಿಯೊಳಗೆ ಮೇಲಕ್ಕೆ ಎಳೆದುಬಿಡಿ. ಕೌದಿಯಲ್ಲಿ ನೈಲಾನ್ ಸೀರೆಯ ತುಂಡಿದ್ದರೆ ಅದು ಮೈಗೆ ತಾಗದಂತಿರಲಿ, ಹತ್ತಿ ಬಟ್ಟೆಯೇ ತಾಗಲಿ. ಹೇರು ಹಾಕಿದ ಮೇಲೆ ಹಿಂದಿನಿಂದ ಬಗ್ಗಿ ನೋಡಿದರೆ ಸಂದಿಯಲ್ಲಿ ಆಚೆ ಕಡೆಯ ಬೆಳಕು ಕಾಣಬೇಕು. ಕಾಣದಿದ್ದರೆ ದಿಂಬು ಕುಸಿದಿದೆ, ಹುಲ್ಲು ತುಂಬಿ. ವಾರಕ್ಕೊಮ್ಮೆ ಕೌದಿ ಒಗೆದು ಬಿಸಿಲಿಗೆ ಹಾಕುವುದನ್ನು ನಿಮ್ಮವ್ವನ ತಲೆಗೆ ಕಟ್ಟಬೇಡಿ, ನೀವೇ ಮಾಡಿ.

ಇನ್ನು ಹುಣ್ಣಿಗೆ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚೆ ಉಪ್ಪು ಹಾಕಿ, ಬೆಳಿಗ್ಗೆ ಸಂಜೆ ತೊಳೆಯಿರಿ. ಸುಟ್ಟ ಆಯಿಲ್, ಬ್ಯಾಟರಿ ನೀರು, ಸೀಮೆಎಣ್ಣೆ ಮುಟ್ಟಲೇಬೇಡಿ. ಅವು ಹೊಸದಾಗಿ ಬರುತ್ತಿರುವ ಮಾಂಸವನ್ನೇ ಸುಡುತ್ತವೆ. ನೊಣ ಕೂರದಂತೆ ಹುಣ್ಣಿನ ಸುತ್ತ (ಹುಣ್ಣಿನೊಳಗಲ್ಲ) ಬೇವಿನೆಣ್ಣೆ ಸವರಬಹುದು. ಹುಳ ಬಿದ್ದಿದ್ದರೆ, ಇಲ್ಲವೇ ಕೀವಿನ ವಾಸನೆ ಬಂದರೆ ದವಾಖಾನೆಗೆ ಒಯ್ಯಿರಿ. ಧನುರ್ವಾಯುವಿನ ಸೂಜಿಯನ್ನು ಬಾಯಿಬಿಟ್ಟು ಕೇಳಿ ಹಾಕಿಸಿ. ಕುದುರೆ ಜಾತಿಗೆ ಆ ರೋಗ ಬಲು ಬೇಗ ಹತ್ತುತ್ತದೆ, ಬಂದ ಮೇಲೆ ಉಳಿಸಿಕೊಳ್ಳುವುದು ಕಷ್ಟ.

ಮೂರು ಕತ್ತೆ ಇವೆ ಅಂದಿರಿ. ಹುಣ್ಣಾದದ್ದು ಪೂರ್ತಿ ಮಾಯುವವರೆಗೆ ಉಳಿದೆರಡೇ ದುಡಿಯಲಿ. ನಿಮ್ಮಪ್ಪ ಕೇಳುವುದು ಗೊತ್ತು: ಮೂರನೆಯದರ ಹೇರನ್ನು ಈ ಎರಡರ ಮೇಲೇ ಹಾಕೋಣಲ್ಲ? ಬೇಡ. ಭಾರ ಹೊರುವ ಪ್ರಾಣಿಗಳಿಗೆಂದು 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಕತ್ತೆಗೆ ಗರಿಷ್ಠ 50 ಕಿಲೋ. ಅಂದರೆ ಒಂದು ಸಿಮೆಂಟ್ ಚೀಲ. ನಿಮ್ಮಪ್ಪನಿಗೆ ಸಿಮೆಂಟ್ ಚೀಲದ ತೂಕ ಯಾರೂ ಹೇಳಿಕೊಡಬೇಕಿಲ್ಲ. ಇಟ್ಟಂಗಿ ಒಂದಕ್ಕೆ ಮೂರು ಕಿಲೋ ಹಿಡಿದರೆ ಮಗ್ಗುಲಿಗೆ ಎಂಟರಂತೆ ಹದಿನಾರು. ಮೂವತ್ತು ಹೇರಿದಿರೋ, ನಮ್ಮ ಕಡೆಯ ಸಣ್ಣ ಕತ್ತೆಯ ಮೇಲೆ ಹೆಚ್ಚುಕಡಿಮೆ ಅದರ ಮೈತೂಕವನ್ನೇ ಹೇರಿದಂತಾಯಿತು. ಹಸಿ ಉಸುಕು ಒಣ ಉಸುಕಿಗಿಂತ ಭಾರ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗುತ್ತಿಗೆದಾರ ಖೇಪಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರೆ ಖೇಪಿಗೆ ಹೆಚ್ಚು ಹೇರಿಸುವುದೇ ಅವನಿಗೆ ಲಾಭ. ಸಾವಿರ ಇಟ್ಟಂಗಿಗೆ ಇಷ್ಟು ಅಂತ ಮಾತಾಡಿಕೊಳ್ಳಿ. ಆಗ ಹೇರು ಇಳಿಸಿದರೂ ಕೂಲಿ ಇಳಿಯುವುದಿಲ್ಲ, ಹೊತ್ತು ಸ್ವಲ್ಪ ಹಿಡಿಯುತ್ತದೆ ಅಷ್ಟೆ.

ಹುಬ್ಬಳ್ಳಿಯ ಒಬ್ಬ ಶಿಕ್ಷಕಿ: ನಮ್ಮ ಶಾಲೆಯ ಹತ್ತಿರ ನಾಲ್ಕೈದು ಕತ್ತೆಗಳನ್ನು ಮುಂಗಾಲು ಎರಡೂ ಜೋಡಿಸಿ ಕಟ್ಟಿ ಬಿಟ್ಟಿರುತ್ತಾರೆ. ಕುಪ್ಪಳಿಸುತ್ತಾ ಕಸದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ತಿನ್ನುತ್ತವೆ. ಕಾಲಲ್ಲಿ ರಕ್ತ ಕಾಣುತ್ತದೆ. ಪೊಲೀಸರಿಗೆ ಹೇಳಬೇಕೆ? ಇಂಥ ಜನಕ್ಕೆ ಕತ್ತೆ ಸಾಕಲು ಬಿಡಬಾರದು ಅನಿಸುತ್ತದೆ.

ಮೇಡಂ, ಹೇಳಬಹುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕತ್ತೆಗೂ ಅನ್ವಯಿಸುತ್ತದೆ. ಅದರಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಪ್ಲೇಟ್ ಗಿರಮಿಟ್ಟು, ಎರಡು ಮಿರ್ಚಿ, ಮೇಲೊಂದು ಚಹಾದ ದುಡ್ಡು! ಕತ್ತೆಯನ್ನು ಜಪ್ತಿ ಮಾಡಿದರೆ ಅದಕ್ಕೆ ಮೇವು ಹಾಕುವವರು ಯಾರು ಎಂಬ ಪ್ರಶ್ನೆ ಮರುದಿನವೇ ಏಳುತ್ತದೆ. ಆ ಕತ್ತೆಯ ದುಡಿಮೆಯಲ್ಲೇ ನಿಮ್ಮ ಶಾಲೆಗೆ ಬರುವ ಯಾವುದೋ ಮಗುವಿನ ಬುತ್ತಿಯೂ ಇರಬಹುದು.

ಕಾಲು ಯಾಕೆ ಕಟ್ಟುತ್ತಾರೆ? ಕಟ್ಟಿಹಾಕಲು ಸ್ವಂತ ಜಾಗವಿಲ್ಲ. ಬಿಟ್ಟರೆ ಯಾರದೋ ಕಾಂಪೌಂಡಿಗೆ ನುಗ್ಗುತ್ತದೆ, ಬೈಗುಳ ತಪ್ಪಿದ್ದಲ್ಲ. ಕಳ್ಳರ ಭಯವೂ ಇದೆ. ಕತ್ತೆಯ ಚರ್ಮದಿಂದ ತೆಗೆಯುವ ಅಂಟನ್ನು ಚೀನಾದಲ್ಲಿ ಎಜಿಯಾವೊ ಎಂಬ ಔಷಧಕ್ಕೆ ಬಳಸುತ್ತಾರೆ. ಆ ಚರ್ಮದ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಆಫ್ರಿಕಾದ ದೇಶಗಳೆಲ್ಲ ಒಟ್ಟಾಗಿ 2024ರಲ್ಲಿ ಅದನ್ನು ತಡೆಯುವ ತೀರ್ಮಾನಕ್ಕೆ ಬರಬೇಕಾಯಿತು. ಇತ್ತ ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಕತ್ತೆ ಮಾಂಸದ ಮಾರಾಟ ಕದ್ದುಮುಚ್ಚಿ ನಡೆಯುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಕತ್ತೆ ತಿನ್ನುವ ಪ್ರಾಣಿಗಳ ಪಟ್ಟಿಯಲ್ಲೇ ಇಲ್ಲ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 3.2 ಲಕ್ಷ ಇದ್ದ ಕತ್ತೆಗಳು 2019ರ ಗಣತಿಗೆ 1.2 ಲಕ್ಷಕ್ಕೆ ಇಳಿದವು. ಟಿಪ್ಪರು, ಟಂಟಂ ಗಾಡಿಗಳು ಬಂದದ್ದು ಒಂದು ಕಾರಣ, ಅದೊಂದೇ ಅಲ್ಲ. ಒಂದು ಕತ್ತೆ ಕಳೆದುಕೊಂಡವನು ಉಳಿದದ್ದರ ಕಾಲು ಕಟ್ಟದೆ ಬಿಡುತ್ತಾನೆಯೇ?

ಆದರೂ ಕಾಲು ಕಟ್ಟುವುದು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ನೈಲಾನ್ ಹಗ್ಗ ಚರ್ಮ ಕೊಯ್ದು ನರದವರೆಗೂ ಇಳಿದದ್ದನ್ನು ನೋಡಿದ್ದೇನೆ. ಅವರ ಓಣಿಗೆ ಹೋಗಿ, ಹಿರಿಯರನ್ನು ಕೂರಿಸಿ ಮಾತಾಡಿ. ಬರಿಗೈಲಿ ಹೋಗಬೇಡಿ: ತಲೆಗೆ ಹಾಕುವ ಅಗಲ ಹತ್ತಿ ಪಟ್ಟಿಯನ್ನೋ ಕೊರಳಪಟ್ಟಿಯನ್ನೋ ಉದ್ದ ಹಗ್ಗವನ್ನೋ ಒಯ್ಯಿರಿ. ಗೂಟಕ್ಕೆ ಕೊರಳಿನಿಂದ ಕಟ್ಟಿದರೆ ಕಾಲು ಉಳಿಯುತ್ತದೆ. ನಿಮ್ಮ ಶಾಲೆಯ ಹಿಂದೆ ಖಾಲಿ ಜಾಗವಿದ್ದರೆ ರಾತ್ರಿ ಅಲ್ಲಿ ಕಟ್ಟಿಕೊಳ್ಳಲು ಬಿಡಬಹುದೇ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿ ಕೇಳಿ ನೋಡಿ. ಮೂಗು ಮುರಿಯುತ್ತಾರೆ, ಕೇಳಿ ಆದರೂ. ಕಾಲು ಮುರಿದ ಕತ್ತೆಗೆ ಹೇರು ಹಾಕುವವನು, ಆಸಿಡ್ ಎರಚುವವನು ಸಿಕ್ಕರೆ ಮಾತ್ರ ಮಾತುಕತೆ ಬೇಡ, ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ.

ವರದಾ ನದಿ ದಂಡೆಯ, ಹಾವೇರಿ ತಾಲೂಕಿನ ಇಟ್ಟಂಗಿ ಭಟ್ಟಿ ಮಾಲೀಕರು: ಹಸಿ ಇಟ್ಟಂಗಿ ಹೊರಲು ಕತ್ತೆಯವರು ಕುಟುಂಬ ಸಮೇತ ಬಂದು ಇಳಿಯುತ್ತಾರೆ. ಕತ್ತೆಗೆ ನೀರು ಅಷ್ಟಾಗಿ ಬೇಕಿಲ್ಲ ಅಂತ ಅವರೇ ಹೇಳುತ್ತಾರೆ. ಆದರೆ ಬೇಸಿಗೆಯಲ್ಲಿ ಒಂದೆರಡು ಪ್ರತಿ ವರ್ಷ ಸಾಯುತ್ತವೆ. ನಾನು ಏನು ಮಾಡಬಹುದು?

ಈ ಕಟ್ಟಿನಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಪತ್ರ ನಿಮ್ಮದು. ಕತ್ತೆಯ ಮಾಲೀಕನ ಕೈಲಿ ಇಲ್ಲದ ಎರಡು ವಸ್ತು, ನೀರು ಮತ್ತು ನೆರಳು, ನಿಮ್ಮ ಕೈಲಿವೆ.

ಕತ್ತೆ ಮೂಲತಃ ಆಫ್ರಿಕಾದ ಒಣ ಸೀಮೆಯ ಪ್ರಾಣಿ. ಮೈಯ ನೀರು ಬಹಳಷ್ಟು ಕಳೆದುಹೋದರೂ ಮೇವು ತಿನ್ನುತ್ತದೆ, ದುಡಿಯುತ್ತದೆ. ಎತ್ತಿನ ಹಾಗೆ ನಾಲಗೆ ಚಾಚಿ ತೋರಿಸಿಕೊಳ್ಳುವುದಿಲ್ಲ. ಅದಕ್ಕೇ “ನೀರು ಬೇಕಿಲ್ಲ” ಎಂಬ ಮಾತು ಹುಟ್ಟಿದೆ. ಬಿಸಿಲಲ್ಲಿ ದುಡಿಯುವ ಕತ್ತೆಗೆ ದಿನಕ್ಕೆ ಹದಿನೈದು ಇಪ್ಪತ್ತು ಲೀಟರ್ ನೀರು ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಕೆಸರು ನೀರು, ಸೋಪಿನ ನೊರೆಯ ನೀರು ಇಟ್ಟರೆ ಮೂಸಿ ಬಿಟ್ಟುಬಿಡುತ್ತದೆ, ನೀರಿನ ವಿಷಯದಲ್ಲಿ ಅದಕ್ಕೆ ಮಡಿ ಜಾಸ್ತಿ. ಮೇಲ್ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನಲ್ಲಿ ಕೆಂಪಗಾಗಬೇಕು. ತಡವಾದರೆ, ಒಸಡು ಒಣಗಿ ಅಂಟಂಟಾಗಿದ್ದರೆ, ಅವತ್ತು ಅದಕ್ಕೆ ಕೆಲಸವಿಲ್ಲ.

ಮಣ್ಣು ಕಲಸುವ ಗುಂಡಿಯ ಹತ್ತಿರವಲ್ಲ, ಕತ್ತೆ ಓಡಾಡುವ ಹಾದಿಯಲ್ಲೇ ಒಂದು ಸಿಮೆಂಟಿನ ಬಾನಿ ಕಟ್ಟಿಸಿ. ಎತ್ತರ ಅದರ ಮೊಣಕಾಲಿನಷ್ಟಿದ್ದರೆ ಸಾಕು. ನಾಲ್ಕು ಕಂಬ ನೆಟ್ಟು ಮೇಲೆ ತೆಂಗಿನ ಗರಿ ಹೊದಿಸಿ. ತಗಡು ಬೇಡ, ಕೆಳಗೆ ಬೆಂದುಹೋಗುತ್ತವೆ. ಆ 1965ರ ನಿಯಮದಲ್ಲೇ ಇನ್ನೂ ಇದೆ: ಒಟ್ಟು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಸತತ ಐದು ತಾಸು ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ನಸುಕಿನಲ್ಲಿ ಶುರು ಮಾಡಿದರೆ ನಿಮ್ಮ ಕೆಲಸವೂ ನಿಲ್ಲುವುದಿಲ್ಲ.

ಇನ್ನೊಂದು ವಿಚಾರ ಹೇಳಬೇಕು, ಸ್ವಲ್ಪ ಉದ್ದವಾದರೂ. 1934ರಲ್ಲಿ ಕೈರೋದಲ್ಲಿ ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆ, ಮೊದಲ ಮಹಾಯುದ್ಧದಲ್ಲಿ ದುಡಿದು ಅಲ್ಲೇ ಬೀದಿಪಾಲಾದ ಸೇನೆಯ ಕುದುರೆಗಳಿಗಾಗಿ ಆಸ್ಪತ್ರೆ ತೆರೆದರು. ಅಲ್ಲಿಂದ ಬೆಳೆದ ಬ್ರೂಕ್ ಸಂಸ್ಥೆ ಈಗ ನಮ್ಮ ದೇಶದಲ್ಲೂ ಕೆಲಸ ಮಾಡುತ್ತದೆ. ಉತ್ತರ ಪ್ರದೇಶದ ಭಟ್ಟಿಗಳ ಸೀಮೆಯಲ್ಲಿ ಅವರು ಬರೀ ಔಷಧ ಹಂಚಿ ಕೈ ತೊಳೆದುಕೊಳ್ಳಲಿಲ್ಲ. ಕತ್ತೆ, ಕುದುರೆ ಇಟ್ಟವರ ಗುಂಪು ಕಟ್ಟಿಸಿದರು. ಗುಂಪಿನವರು ಸಣ್ಣ ಮೊತ್ತ ಉಳಿಸಿ, ಮೇವು ಸಗಟಾಗಿ ತರಿಸಿ, ಧನುರ್ವಾಯು ಲಸಿಕೆ ಒಟ್ಟಿಗೆ ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ ಒಬ್ಬರ ಪ್ರಾಣಿಯನ್ನು ಇನ್ನೊಬ್ಬರು ತಲೆಯಿಂದ ಗೊರಸಿನವರೆಗೆ ನೋಡಿ, ಹುಣ್ಣಿಗೆ, ಗೊರಸಿಗೆ, ಮೈಕಟ್ಟಿಗೆ ಹಸಿರು, ಹಳದಿ, ಕೆಂಪು ಗುರುತು ಹಾಕುತ್ತಾರೆ. “ನಾನೇ ಆ ಪ್ರಾಣಿಯಾಗಿದ್ದರೆ ಧಣಿಯಿಂದ ಏನು ಕೇಳುತ್ತಿದ್ದೆ?” ಅಂತ ಮಾಲೀಕರನ್ನೇ ಕೇಳುವ ಪದ್ಧತಿಯೂ ಅಲ್ಲಿದೆ. ಪಟ್ಟಿ ಅವರ ಬಾಯಿಂದಲೇ ಹೊರಡುತ್ತದೆ. ಡಾಕ್ಟರು ಹೇಳಿದರೆ ತಲೆಯಾಡಿಸಿ ಮರೆಯುವವನು, ಬೀಗನ ಎದುರು ತನ್ನ ಕತ್ತೆಗೆ ಕೆಂಪು ಗುರುತು ಬಿದ್ದರೆ ಮುಂದಿನ ವಾರದೊಳಗೆ ದಿಂಬು ಹೊಲಿಸುತ್ತಾನೆ. ನಿಮ್ಮ ಭಟ್ಟಿಯಲ್ಲಿ ಹತ್ತು ಕುಟುಂಬ ಇಳಿದರೆ ಇದನ್ನು ಮಾಡಲು ಅಡ್ಡಿಯಿಲ್ಲ. ಹೆಂಗಸರನ್ನೂ ಕೂರಿಸಿ. ನೀರು, ಮೇವು ನೋಡುವವರು ಹೆಚ್ಚಾಗಿ ಅವರೇ, ಸಭೆಗೆ ಕರೆಯುವುದು ಮಾತ್ರ ಗಂಡಸರನ್ನು. ಮತ್ತೆ, ಬೇಸಿಗೆಯಲ್ಲಿ ಸತ್ತ ಕತ್ತೆಯ ಬೆಲೆ ಮುಂಗಡ ಸಾಲಕ್ಕೆ ಸೇರಿಕೊಳ್ಳುತ್ತದೆ, ಆ ಸಾಲ ತೀರಿಸಲು ಮುಂದಿನ ವರ್ಷ ಉಳಿದ ಕತ್ತೆಗಳ ಮೇಲೆ ಹೇರು ಏರುತ್ತದೆ. ಇದು ನಿಮಗೂ ಗೊತ್ತಿರುವುದೇ.

ರಾಣೆಬೆನ್ನೂರಿನ ಒಬ್ಬ ತಾಯಿ: ಓಣಿಯೊಳಗ ಕತ್ತಿ ಹಿಡಕೊಂಡು ಹಾಲು ಮಾರಾಕ ಬರ್ತಾರ. ನಾಲ್ಕು ತಿಂಗಳ ಕೂಸಿಗೆ ಕೆಮ್ಮು. ಒಂದು ಚಮಚೆ ಕುಡಿಸು ಅಂತ ಅತ್ತಿ ಅಂತಾರ.

ಬೇಡವ್ವಾ. ಆರು ತಿಂಗಳವರೆಗೆ ಕೂಸಿಗೆ ನಿಮ್ಮ ಎದೆಹಾಲೇ ಸಾಕು, ಕೆಮ್ಮಿಗೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕತ್ತೆ ಹಾಲಿನಲ್ಲಿ ಜಿಡ್ಡು ಕಡಿಮೆ, ಸಿಹಿಯಂಶ ತಾಯಿಹಾಲಿಗೆ ಹತ್ತಿರ. ಇದು ನಿಜ. ಹಾಗಂತ ಓಣಿಯಲ್ಲಿ ಕಾಯಿಸದೆ ಕುಡಿಸುವ ಹಾಲು ಔಷಧವಾಗುವುದಿಲ್ಲ. ಅತ್ತೆಯವರಿಗೆ ನನ್ನ ಹೆಸರು ಹೇಳಿ, ಬೈದರೆ ನನ್ನನ್ನು ಬೈಯಲಿ. ಆ ಕತ್ತೆಯ ಹಿಂದೆ ಮರಿ ಇದೆಯೇ ನೋಡಿದಿರಾ? ದಿನಕ್ಕೆ ಒಂದು ಲೀಟರೂ ಕೊಡದ ಪ್ರಾಣಿ ಅದು. ಓಣಿ ಓಣಿ ಹಂಚಿದ ಮೇಲೆ ಮರಿಗೆ ಎಷ್ಟು ಉಳಿದೀತು?

ಧಾರವಾಡ ತಾಲೂಕಿನಿಂದ: ನಮ್ಮ ಕತ್ತಿ ಹಿಂದಿನ ದಿನದ ಮಟ ದುಡೀತು. ಮರುದಿನ ಮೇವು ಮುಟ್ಟಲಿಲ್ಲ, ಸುಮ್ಮನ ತಲಿ ಕೆಳಗ ಹಾಕಿ ನಿಂತಿತ್ತು. ದವಾಖಾನಿಗೆ ಹೋದ್ರ ಒಬ್ಬಾತ “ಕತ್ತಿಗೂ ಡಾಕ್ಟರ್ ಬೇಕಾ?” ಅಂತ ನಕ್ಕ. ಮೂರನೇ ದಿನ ಸತ್ತಿತು. ಯಾಕ ಹಿಂಗಾತು?

ನಕ್ಕವನ ಮಾತು ಓದಿ ನನಗೂ ಹೊಟ್ಟೆ ಉರಿಯಿತು. ಕತ್ತೆಯನ್ನು ನೋಡುವುದು ಸರ್ಕಾರಿ ಪಶು ಆಸ್ಪತ್ರೆಯ ಕೆಲಸವೇ. ಇನ್ನು ಮುಂದೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಆ ನಂಬರು. ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ನೋಡದೆ ಕಾರಣ ಹೇಳಲಾರೆ, ಆದರೆ ಒಂದು ಮಾತು ಎಲ್ಲರಿಗೂ. ಕತ್ತೆ ನೋವನ್ನು ನುಂಗಿಕೊಳ್ಳುತ್ತದೆ. ಹೊಟ್ಟೆನೋವು ಬಂದ ಕುದುರೆ ಹೊರಳಾಡುತ್ತದೆ, ಕತ್ತೆ ಸುಮ್ಮನೆ ನಿಂತುಬಿಡುತ್ತದೆ. ಮೇವು ಬಿಟ್ಟಿತೆಂದರೆ ರೋಗ ಆಗಲೇ ಮುಂದೆ ಹೋಗಿದೆ ಅಂತ ತಿಳಿಯಿರಿ. ಮೇಲಾಗಿ, ಉಪವಾಸ ಬಿದ್ದ ಕತ್ತೆ ತನ್ನ ಮೈಯ ಕೊಬ್ಬನ್ನೆಲ್ಲ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ಪಿತ್ತಜನಕಾಂಗ (ಲಿವರ್) ಅದನ್ನು ತಾಳಲಾರದೆ ಕೆಡುತ್ತದೆ, ಮೂಲ ಕಾಯಿಲೆ ಸಣ್ಣದಿದ್ದರೂ ಪ್ರಾಣಿ ಅದರಿಂದಲೇ ಸಾಯಬಹುದು. ಜೊತೆಗಾರ ಕತ್ತೆ ಸತ್ತ ಕೊರಗಿಗೆ ಮೇವು ಬಿಟ್ಟು ಹೀಗಾಗುವುದೂ ಉಂಟು. ಮೇವು ಬಿಟ್ಟ ದಿನವೇ ಡಾಕ್ಟರು ಬೇಕು, ಬರೆ ಹಾಕಿಸುವುದಾಗಲೀ ಮೂಗಿನ ಹೊಳ್ಳೆ ಸೀಳಿಸುವುದಾಗಲೀ ಬೇಡ. ಮೂಗಿನಿಂದ ದಪ್ಪ ಸಿಂಬಳ, ಮೈಮೇಲೆ ಸಾಲಾಗಿ ಒಡೆಯುವ ಗಂಟು ಕಂಡರೆ ಬರಿಗೈಲಿ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಎಂಬ ಅಂಟುರೋಗವಾಗಿದ್ದರೆ ಮನುಷ್ಯರಿಗೂ ಹತ್ತುತ್ತದೆ. ಇಲಾಖೆಗೆ ಕೂಡಲೇ ತಿಳಿಸಬೇಕು, ಅದು ಕಾನೂನು.

ಉಳಿದ ಕತ್ತೆಗಳಿಗೆ ವಿಮೆ ಮಾಡಿಸಿ. ರಾಷ್ಟ್ರೀಯ ಜಾನುವಾರು ಮಿಷನ್‌ನ ವಿಮೆಯಲ್ಲಿ ಕತ್ತೆಯೂ ಸೇರುತ್ತದೆ. 2024ರ ಬದಲಾವಣೆಯ ಪ್ರಕಾರ ಕಂತಿನಲ್ಲಿ ನಿಮ್ಮ ಪಾಲು ಶೇಕಡಾ 15, ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ತಾಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಯಾರಾದರೂ ನಕ್ಕರೆ ಈ ಪುಟ ತೋರಿಸಿ.

ಹಾನಗಲ್ಲಿನ ಯುವಕ: ಕಂಪನಿಯೊಂದು ಕತ್ತೆ ಕೊಡುತ್ತದಂತೆ, ಹಾಲನ್ನು ಲೀಟರಿಗೆ ಸಾವಿರಾರು ರೂಪಾಯಿಗೆ ಅವರೇ ಕೊಳ್ಳುತ್ತಾರಂತೆ. ಹೂಡಲೇ?

ಕತ್ತೆ ಸಾಕಣೆಗೆ ಕೇಂದ್ರದ ಅದೇ ಮಿಷನ್ನಿನಲ್ಲಿ ಶೇಕಡಾ 50ರಷ್ಟು, ಗರಿಷ್ಠ 50 ಲಕ್ಷದವರೆಗೆ ಬಂಡವಾಳ ಸಹಾಯಧನ ಇದೆ. ನಿಮಗೆ ನಿಜವಾಗಿ ಆಸಕ್ತಿಯಿದ್ದರೆ ಆ ದಾರಿ ಹಿಡಿಯಿರಿ. ಕತ್ತೆಯನ್ನು ಮಾರುವವನೇ ಹಾಲನ್ನೂ ಕೊಳ್ಳುತ್ತೇನೆ ಅನ್ನುವ ಕಡೆ ದುಡ್ಡು ಹಾಕಬೇಡಿ. ಅವನು ಓಡಿಹೋದ ದಿನ ನಿಮ್ಮ ಕೈಲಿ ಹಾಲು ಇರುತ್ತದೆ, ಕೊಳ್ಳುವವರಿರುವುದಿಲ್ಲ, ಮೇವಿಲ್ಲದ ಕತ್ತೆಗಳಿರುತ್ತವೆ.

ಮುಂಡರಗಿ ತಾಲೂಕಿನ ಅಜ್ಜಿಯೊಬ್ಬರು, ಮೊಮ್ಮಗಳ ಕೈಲಿ ಬರೆಸಿದ್ದು: ಮಳಿ ಹೋದ್ರ ನಮ್ಮೂರಾಗ ಕತ್ತಿ ಮದುವಿ ಮಾಡ್ತೀವಿ. ಅದು ಪಾಪ ಅಂತ ಮೊಮ್ಮಗಳು ಅಂತಾಳ. ಹೌದೇನ್ರಿ ಡಾಕ್ಟರ್ರ?

ಅಮ್ಮಾ, ಮದುವೆಗೆ ನನ್ನ ತಕರಾರಿಲ್ಲ. ವರ್ಷಪೂರ್ತಿ ಏಟು ತಿನ್ನುವ ಪ್ರಾಣಿಗೆ ಒಂದು ದಿನ ಅರಿಷಿಣ, ಆರತಿ ಸಿಕ್ಕರೆ ಸಿಗಲಿ. ಆದರೆ ಕಿವಿಯ ಹತ್ತಿರ ಪಟಾಕಿ ಸಿಡಿಸಬೇಡಿ, ಡಿ.ಜೆ. ಬೇಡ. ಕತ್ತೆ ಹೆದರಿದರೆ ಓಡುವುದಿಲ್ಲ, ಕಾಲೂರಿ ನಿಂತುಬಿಡುತ್ತದೆ. ಹಟ ಅಂದುಕೊಂಡು ಹುಡುಗರು ಬಾರಿಸಲು ಶುರು ಮಾಡುತ್ತಾರೆ. ಹಾಗೆ ನಿಂತಾಗ ಹೊಡೆಯದೆ, ಪರಿಚಯದ ಇನ್ನೊಂದು ಕತ್ತೆಯನ್ನು ಮುಂದೆ ನಡೆಸಿದರೆ ಹಿಂದೆಯೇ ಬರುತ್ತದೆ. ಕಣ್ಣಿಗೆ ಗುಲಾಲು ಬೀಳದಿರಲಿ. ಬೀಗರ ಊಟದ ಹೋಳಿಗೆ, ಅನ್ನ ತಿನ್ನಿಸಬೇಡಿ, ಹೊಟ್ಟೆ ಕೆಟ್ಟು ಗೊರಸಿನವರೆಗೂ ತೊಂದರೆ ಇಳಿಯುತ್ತದೆ. ಒಂದು ಬುಟ್ಟಿ ಶೇಂಗಾ ಹೊಟ್ಟು, ಒಂದು ಬಕೆಟ್ ತಿಳಿನೀರು ಕೊಟ್ಟರೆ ವಧೂವರರಿಗೆ ಅದೇ ಹಬ್ಬ. ಊರಿನ ಕತ್ತೆಗಳೆಲ್ಲ ಅವತ್ತು ಮೈತೊಳೆಸಿಕೊಂಡು ಒಂದೇ ಕಡೆ ನಿಂತಿರುತ್ತವಲ್ಲ, ಧನುರ್ವಾಯು ಲಸಿಕೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಆಸ್ಪತ್ರೆಗೆ ಎಂಟು ದಿನ ಮೊದಲೇ ಹೇಳಿಕಳಿಸಿ, ಲಸಿಕೆ ತರಿಸಿಟ್ಟುಕೊಳ್ಳಬೇಕಾಗುತ್ತದೆ.